ಆದವಾನಿಯ ಹನ್ನೊಂದು ಗೋಡೆ

ಇನ್ನೂ ಬೆಳಕು ಹರಿದಿರಲಿಲ್ಲ. ವೆಂಕಟಾದ್ರಿಯ ದಂಡು ಗೆದ್ದವರ ನಿದ್ದೆ ಮಾಡುತ್ತಿತ್ತು.

ಬಿಜಾಪುರದ ಸೇನಾಪತಿ ಅಸದ್ ಖಾನ್ ಆದವಾನಿ ಕೋಟೆಯನ್ನು ಸುತ್ತುವರಿದು ಕೂತಿದ್ದ. ಒಳಗಿದ್ದವರು ಇನ್ನೇನು ಬಾಗಿಲು ತೆಗೆಯಬೇಕು, ಅಷ್ಟರಲ್ಲಿ ವಿಜಯನಗರದಿಂದ ರಾಮರಾಯನ ತಮ್ಮ ವೆಂಕಟಾದ್ರಿ ಪಡೆ ಕಟ್ಟಿಕೊಂಡು ಬಂದ. ಅಸದ್ ಖಾನ್ ಮುತ್ತಿಗೆ ಬಿಟ್ಟು ಅವನಿಗೆ ಎದುರಾದ. ಬಿರುಸಾದ ಕಾದಾಟ. ಎದುರಾಳಿಯ ಸಂಖ್ಯೆ ನೋಡಿ ಅಸದ್ ಖಾನ್ ಹಿಂದೆ ಸರಿದ, ಸಾಲು ಕೆಡದ ಹಾಗೆ, ಸುಮಾರು ಹದಿನಾಲ್ಕು ಮೈಲಿ. ಓಡುವವನಿಗೂ ಸರಿಯುವವನಿಗೂ ಇರುವ ವ್ಯತ್ಯಾಸ ಬೆನ್ನಟ್ಟಿ ಬಂದ ವೆಂಕಟಾದ್ರಿಗೆ ಕಾಣಲಿಲ್ಲ. ಗೆದ್ದೆವು ಎಂದುಕೊಂಡ. ಡೇರೆ ಹಾಕಿಸಿದ. ಆನೆಗಳ ಕಾಲಿಗೆ ಸರಪಳಿ ಬಿತ್ತು, ಕುದುರೆಗಳ ಬೆನ್ನಿನ ಜೀನು ಇಳಿಯಿತು. ಹೆಂಡತಿ ಮಕ್ಕಳೂ ದಂಡಿನ ಜೊತೆಗೇ ಇದ್ದರು. ಬೊಕ್ಕಸವೂ ಅಲ್ಲೇ.

ಬೆಳಗಿನ ಜಾವ ಅಸದ್ ಖಾನ್ ನಾಲ್ಕು ಸಾವಿರ ಕುದುರೆ ಸವಾರರನ್ನು ಆರಿಸಿಕೊಂಡು ಬಂದ ದಾರಿಯಲ್ಲೇ ತಿರುಗಿದ.

ಎರೆಮಣ್ಣಿನ ನೆಲ ಒಣಗಿದಾಗ ಗೊರಸಿನ ಸದ್ದು ದೂರ ಕೇಳಿಸುತ್ತದೆ. ಆದರೆ ಗೆದ್ದವರು ಕಿವಿ ಕೊಡುವುದಿಲ್ಲ. ಕಾವಲಿನವರು ಎಚ್ಚರಗೊಳ್ಳುವ ಮೊದಲೇ ಸವಾರರು ಡೇರೆಗಳ ನಡುವೆ ಇದ್ದರು. ಹಗ್ಗ ಕಡಿದ ಡೇರೆಗಳು ಒಳಗೆ ಮಲಗಿದವರ ಮೇಲೆಯೇ ಬಿದ್ದವು. ಸರಪಳಿಯಲ್ಲಿದ್ದ ಆನೆಗಳು ಘೀಳಿಟ್ಟವು. ಯಾರು ನಮ್ಮವರು, ಯಾರು ಅವರವರು ಎಂದು ತಿಳಿಯುವಷ್ಟು ಬೆಳಕೇ ಇಲ್ಲ. ವೆಂಕಟಾದ್ರಿಗೆ ತನ್ನ ಜೀವ ಉಳಿಸಿಕೊಳ್ಳಲು ಮಾತ್ರ ಸಮಯ ಸಿಕ್ಕಿತು. ಬೊಕ್ಕಸ, ಆನೆ, ಹೆಂಡತಿ, ಮಕ್ಕಳು ಎಲ್ಲ ಹಿಂದೆ ಉಳಿದವು.

ಬಯಲಿನಲ್ಲಿ ಎಲ್ಲೋ ನಿಂತು, ಚದುರಿದವರನ್ನು ಒಟ್ಟುಮಾಡಿಕೊಂಡು ಅವನು ಹಿಂದಿರುಗಿ ನೋಡಿದ. ಪಡೆ ಇನ್ನೂ ದೊಡ್ಡದೇ ಇತ್ತು. ಮತ್ತೆ ನುಗ್ಗಬಹುದಿತ್ತು. ನುಗ್ಗಿದರೆ ಸೆರೆಯಲ್ಲಿರುವ ಹೆಂಡತಿ ಮಕ್ಕಳ ಗತಿ? ಇನ್ನಷ್ಟು ಮೈಲಿ ಹಿಂದೆ ಸರಿದು, ಅಣ್ಣನಿಗೆ ಪತ್ರ ಬರೆದ.

ರಾಮರಾಯ ಎರಡು ಉತ್ತರ ಕಳಿಸಿದ. ಒಂದು ಎಲ್ಲರಿಗೂ ಕಾಣುವಂಥದ್ದು: ಹಣ, ಜನ, ಯುದ್ಧ ಮುಂದುವರಿಸುತ್ತೇವೆ ಎಂಬ ಬಹಿರಂಗ ಘೋಷಣೆ. ಇನ್ನೊಂದು ತಮ್ಮನ ಕಣ್ಣಿಗೆ ಮಾತ್ರ. ಬಿಜಾಪುರದ ಸುಲ್ತಾನ ಆದಿಲ್ ಶಾಹ ತಾನಾಗಿಯೇ ಆದವಾನಿಗೆ ಬಂದಿರಲಾರ, ಆ ಸೀಮೆಯ ನಾಯಕರೇ ಅವನನ್ನು ಕರೆಸಿಕೊಂಡಿರಬೇಕು. ನಿನ್ನ ಡೇರೆಯ ಸುತ್ತ ಇರುವ ಸರದಾರರಲ್ಲೂ ಅವನ ಕಡೆಯವರಿದ್ದಾರೆ. ಈಗ ಬೇಡ, ರಾಜಿ ಮಾಡಿಕೋ, ಅಸದ್ ಖಾನನನ್ನೇ ಮಧ್ಯಸ್ಥ ಮಾಡಿ ಹೆಂಡತಿ ಮಕ್ಕಳನ್ನು ಬಿಡಿಸಿಕೋ. ವೆಂಕಟಾದ್ರಿ ಹಾಗೇ ಮಾಡಿದ. ಹೆಂಡತಿ ಮಕ್ಕಳು ಮರಳಿ ಬಂದರು. ಆದವಾನಿ ವಿಜಯನಗರದ ಕೈಯಲ್ಲೇ ಉಳಿಯಿತು.

ಇಷ್ಟನ್ನೂ ಹೇಳುವವನು ಫೆರಿಷ್ತಾ. ಬಿಜಾಪುರದ ಅರಮನೆಯ ಅನ್ನ ಉಂಡು, 1600ರ ನಂತರ ಕೂತು ಬರೆದವನು; ಅವನ ಪುಟಗಳಲ್ಲಿ ಬಿಜಾಪುರದ ಸವಾರ ಸೋಲುವುದು ಅಪರೂಪ. ಆದರೂ ರಾಮರಾಯನ ಆ ಗುಟ್ಟಿನ ಪತ್ರವನ್ನು ಅವನು ಮುಚ್ಚಿಡಲಿಲ್ಲ. ವೈರಿಯ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಸುಮ್ಮನೆ ಕಟ್ಟಿ ಹೇಳುವ ಅಗತ್ಯ ಅವನಿಗಿರಲಿಲ್ಲ. ನನಗಂತೂ ರಾಮರಾಯ ಅತ್ಯಂತ ದೊಡ್ಡವನಾಗಿ ಕಾಣುವುದು ಇಲ್ಲೇ, ಸೋತು ಸುಮ್ಮನಾದ ಈ ಜಾಗದಲ್ಲಿ. ಯಾರು ತನ್ನವರು, ಯಾರಲ್ಲ ಎಂದು ನೂರು ಕಿಲೋಮೀಟರು ದೂರ ಕೂತು ಲೆಕ್ಕ ಹಾಕಬಲ್ಲ ಮನುಷ್ಯ ಅವನು.

ಆ ಲೆಕ್ಕವನ್ನು ಅವನು ಕಲಿತದ್ದು ಅವಮಾನದಲ್ಲಿ. ಆರವೀಡು ಮನೆತನದ ಹಿರಿಯರು ಕಂದನವೋಲು, ಅಂದರೆ ಇಂದಿನ ಕರ್ನೂಲು, ಮತ್ತು ಆದವಾನಿ ಕೋಟೆಗಳನ್ನು ಗೆದ್ದು ಮೇಲೆ ಬಂದವರು ಎಂದು ಆ ಮನೆಯ ತೆಲುಗು ಕಾವ್ಯಗಳು ಹೊಗಳುತ್ತವೆ. ಆದರೆ ಅದೇ ಮನೆಯ ಹುಡುಗ ಮೊದಲು ಕತ್ತಿ ಕಟ್ಟಿದ್ದು ಗೋಲ್ಕೊಂಡದ ಕುಲಿ ಕುತುಬ್ ಶಾಹನ ಚಾಕರಿಯಲ್ಲಿ. ಗಡಿಯ ಒಂದು ಸೀಮೆ ಅವನ ಕಾವಲಿಗಿತ್ತು. ಬಿಜಾಪುರದ ಪಡೆ ಏರಿ ಬಂದಾಗ ನಿಲ್ಲಲಾರದೆ ಗೋಲ್ಕೊಂಡಕ್ಕೆ ಓಡಿ ಬಂದ. ಸುಲ್ತಾನ ಹೇಡಿ ಎಂದು ಕರೆದು ಹೊರಗಟ್ಟಿದ. ಅಲ್ಲಿಂದ ಕೃಷ್ಣದೇವರಾಯನ ಆಸ್ಥಾನ, ಆಮೇಲೆ ರಾಯನ ಮಗಳ ಕೈ. ‘ಅಳಿಯ’ ಎಂಬ ಬಿರುದು ಸಾಯುವವರೆಗೂ ಹೆಸರಿಗೆ ಅಂಟಿಕೊಂಡಿತು. ಸತ್ತು ನಾನೂರೈವತ್ತು ವರ್ಷವಾದರೂ ಕಳಚಿಲ್ಲ.

1529ರಲ್ಲಿ ಮಾವ ಸತ್ತ. ಸಿಂಹಾಸನ ಹತ್ತಿದ್ದು ಅಚ್ಯುತರಾಯ. 1542ರಲ್ಲಿ ಅವನೂ ಹೋದ. ಅವನ ಎಳೆಯ ಮಗನನ್ನು ಕೂರಿಸಿ ಸೋದರಮಾವ ಸಲಕರಾಜ ತಿರುಮಲ ಆಳತೊಡಗಿದ. ಕೊನೆಗೆ ಆ ಹುಡುಗನನ್ನೇ ಕೊಂದ.

ಆಗ ರಾಮರಾಯನಿಗೆ ರಾಜಧಾನಿಯಲ್ಲಿ ನಿಲ್ಲಲು ನೆಲವಿಲ್ಲ. ಇಬ್ಬರು ತಮ್ಮಂದಿರೊಡನೆ ಅವನು ಪೂರ್ವದ ಗುಡ್ಡಗಳಿಗೆ ಸರಿದ. ಗುತ್ತಿ ಕೋಟೆಯ ಸೆರೆಯಲ್ಲಿ ರಾಜವಂಶದ ಒಬ್ಬ ಹುಡುಗನಿದ್ದ, ಸದಾಶಿವ. ಅವನನ್ನು ಹೊರಗೆ ತಂದು, ಇವನೇ ರಾಯ ಎಂದು ಸಾರಿದ. ತಾನು ಕಿರೀಟ ಮುಟ್ಟಲಿಲ್ಲ. ಮುಟ್ಟಿದ್ದರೆ ಮಿಕ್ಕ ನಾಯಕರು ಬಿಡುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಗುತ್ತಿಯಿಂದ ಪತ್ತಿಕೊಂಡದ ಕಡೆಗೆ ಬರುವ ದಾರಿಯಲ್ಲಿ, ಯರ್ರಗುಡಿ ಎಂಬ ಊರಿನ ಪಕ್ಕ, ಕೆಲವು ಬಂಡೆಗಳಿವೆ. ಮೈತುಂಬ ಅಕ್ಷರ. ರಾಮರಾಯ ಗುತ್ತಿ ಸೀಮೆಯಲ್ಲಿ ಜೀವ ಹಿಡಿದು ಕಾಯುತ್ತಿದ್ದ ದಿನಗಳಲ್ಲೂ ಅವು ಅಲ್ಲೇ ಇದ್ದವು. ದನ ಕಾಯುವವರು ನೆರಳಿಗೆ ಕೂರುತ್ತಿದ್ದಿರಬೇಕು. ಓದಬಲ್ಲವರು ಆಗ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಬ್ರಾಹ್ಮಿ ಲಿಪಿಯ ಬೀಗ ತೆಗೆದದ್ದು 1830ರ ದಶಕದಲ್ಲಿ. ಈ ಬಂಡೆಗಳನ್ನು ಪಂಡಿತರು ಗುರುತಿಸಿದ್ದು 1929ರ ಹೊತ್ತಿಗೆ. ಅಶೋಕನ ಹದಿನಾಲ್ಕೂ ಬಂಡೆಶಾಸನಗಳು ಅಲ್ಲಿವೆ. ಹದಿಮೂರನೆಯದು ಕಳಿಂಗದ್ದು: ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದೆ, ಈಗ ಅದು ನನ್ನನ್ನು ಸುಡುತ್ತಿದೆ ಎಂಬ ಅರ್ಥದ್ದು. ಚಕ್ರವರ್ತಿಯೊಬ್ಬ ತನ್ನ ಗೆಲುವಿನ ಬಗ್ಗೆ ನಾಚಿಕೊಂಡು ಕಲ್ಲಿನಲ್ಲಿ ಬರೆಸಿದ ಮಾತು, ದಾರಿಯ ಮಗ್ಗುಲಲ್ಲೇ.

ಸಲಕರಾಜನ ಕೊನೆ ಭಯಂಕರ. ರಾಮರಾಯನಿಗೆ ಹೆದರಿ ಅವನು ಬಿಜಾಪುರದ ಇಬ್ರಾಹಿಂ ಆದಿಲ್ ಶಾಹನನ್ನೇ ರಾಜಧಾನಿಗೆ ಕರೆಸಿದ್ದ. ಅವನನ್ನು ಮರಳಿ ಕಳಿಸಲು ಹೊನ್ನಿನ ರಾಶಿಯನ್ನೇ ಸುರಿಯಬೇಕಾಯಿತು. ಸುಲ್ತಾನ ಗಡಿ ದಾಟಿದ್ದೇ ತಡ, ರಾಮರಾಯನ ಪಡೆ ಬಾಗಿಲಿಗೆ ಬಂತು. ಫೆರಿಷ್ತಾ ಹೇಳುವ ಪ್ರಕಾರ, ಎಲ್ಲ ದಾರಿ ಮುಚ್ಚಿದ್ದು ಕಂಡ ಸಲಕರಾಜ ಅರಮನೆಯ ಬಾಗಿಲು ಹಾಕಿಕೊಂಡು ಲಾಯದ ಕುದುರೆಗಳ ಕಣ್ಣು ಕೀಳಿಸಿದ, ಆನೆಗಳ ಬಾಲ ಕತ್ತರಿಸಿದ, ತಲೆಮಾರುಗಳಿಂದ ಕೂಡಿಟ್ಟ ಮಾಣಿಕ್ಯ ಮುತ್ತುಗಳನ್ನು ಬೀಸುವ ಕಲ್ಲಿಗೆ ಹಾಕಿ ಪುಡಿ ಮಾಡಿಸಿದ. ತನಗಿಲ್ಲದ್ದು ಯಾರಿಗೂ ಬೇಡ. ಆಮೇಲೆ ಕತ್ತಿಯ ಹಿಡಿಯನ್ನು ಅರಮನೆಯ ಕಂಬಕ್ಕೆ ನೆಟ್ಟು ಅದರ ಮೊನೆಯ ಮೇಲೆ ಬಿದ್ದ. ಕುರುಡು ಕುದುರೆಗಳ ಲಾಯದ ಮುಂದಿನಿಂದ ರಾಮರಾಯ ಒಳಗೆ ಬಂದ. ಆದವಾನಿಯ ಮುತ್ತಿಗೆ, ತಮ್ಮನ ಪತ್ರ, ಆ ಜಾಣ ಉತ್ತರ ಎಲ್ಲ ಇದರ ಬೆನ್ನಿಗೇ ನಡೆದದ್ದು.

ಮುಂದಿನ ಇಪ್ಪತ್ತು ವರ್ಷ ಅವನದು. ಸದಾಶಿವನೇ ರಾಯ, ಶಾಸನಗಳಲ್ಲಿ ಅವನದೇ ಹೆಸರು. ವರ್ಷಕ್ಕೊಮ್ಮೆ ಅವನನ್ನು ಜನರ ಕಣ್ಣಿಗೆ ತೋರಿಸಿ ಒಳಗೆ ಕಳಿಸುತ್ತಿದ್ದರು ಎಂದು ವೆನಿಸ್‌ನ ವ್ಯಾಪಾರಿ ಸೀಸರ್ ಫ್ರೆಡರಿಕ್ ಬರೆದಿದ್ದಾನೆ. ಆಳ್ವಿಕೆ ರಾಮರಾಯನದು, ಸೇನೆ ವೆಂಕಟಾದ್ರಿಯದು, ಬೊಕ್ಕಸ ಇನ್ನೊಬ್ಬ ತಮ್ಮ ತಿರುಮಲನದು.

ಉತ್ತರದಲ್ಲಿ ಐದು ಸುಲ್ತಾನರಿದ್ದರು. ಐವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಗೋಲ್ಕೊಂಡದಲ್ಲಿ ಅಣ್ಣನಿಗೆ ಹೆದರಿ ಓಡಿ ಬಂದ ರಾಜಕುಮಾರ ಇಬ್ರಾಹಿಮನನ್ನು ರಾಮರಾಯ ಏಳು ವರ್ಷ ತನ್ನ ಊರಿನಲ್ಲಿ ಇಟ್ಟುಕೊಂಡು ಸಾಕಿದ. 1550ರಲ್ಲಿ ಅವನೇ ಅಲ್ಲಿನ ಸುಲ್ತಾನನಾದ. ರಾಮರಾಯನ ದಂಡು ಒಮ್ಮೆ ಅಹ್ಮದ್‌ನಗರದ ಜೊತೆ ಸೇರಿ ಬಿಜಾಪುರದ ಮೇಲೆ, ಮತ್ತೊಮ್ಮೆ ಬಿಜಾಪುರದ ಜೊತೆ ಸೇರಿ ಅಹ್ಮದ್‌ನಗರದ ಮೇಲೆ. ಯಾರು ಗೆದ್ದರೂ ಒಂದೆರಡು ಕೋಟೆ, ಒಂದಿಷ್ಟು ಸೀಮೆ ವಿಜಯನಗರಕ್ಕೆ. ಎರಡು ಬೆಕ್ಕು, ಒಂದು ಕೋತಿ, ಒಂದು ರೊಟ್ಟಿಯ ಕತೆ.

ರಾಮರಾಯನ ಮಗ ಸತ್ತಾಗ ಬಿಜಾಪುರದ ಎಳೆಯ ಸುಲ್ತಾನ ಅಲಿ ಆದಿಲ್ ಶಾಹ ಬೆರಳೆಣಿಕೆಯ ಸವಾರರೊಂದಿಗೆ ವಿಜಯನಗರಕ್ಕೆ ಬಂದುಬಿಟ್ಟ. ವೈರಿಯ ರಾಜಧಾನಿಗೆ, ಸಾಂತ್ವನ ಹೇಳಲು. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಮೂರು ದಿನ ಸತ್ಕಾರ. ಹೊರಡುವಾಗ ರಾಮರಾಯ ಊರಾಚೆಗೆ ಬಂದು ಬೀಳ್ಕೊಡಲಿಲ್ಲ. ಅಷ್ಟೇ. ಅಲಿ ಅದನ್ನು ನುಂಗಿಕೊಂಡು ಹೋದ, ಅರಗಿಸಿಕೊಳ್ಳಲಿಲ್ಲ. ನಮ್ಮ ಕಡೆ ಬೀಗರನ್ನು ಬಸ್‌ಸ್ಟ್ಯಾಂಡಿನ ತನಕ ಕಳಿಸಿ ಬರದಿದ್ದರೆ ಎರಡು ತಲೆಮಾರು ಮಾತು ಬಿಡುತ್ತಾರೆ, ಸುಲ್ತಾನ ಬಿಟ್ಟಾನೆಯೇ?

ಮತ್ತೊಮ್ಮೆ, ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹ ಸೋತು, ರಾಜಿಗಾಗಿ ರಾಮರಾಯನ ಡೇರೆಗೇ ಬರಬೇಕಾಯಿತು. ರಾಮರಾಯ ಅವನ ಕೈ ಮುಟ್ಟಿದ. ಹುಸೇನ ತಕ್ಷಣ ನೀರು ತರಿಸಿ, ಎಲ್ಲರ ಎದುರಿಗೇ ಕೈ ತೊಳೆದುಕೊಂಡ. ಅತಿಥಿಯಾಗಿರದಿದ್ದರೆ ಇವನ ಕೈ ಕಡಿಸುತ್ತಿದ್ದೆ ಎಂದು ರಾಮರಾಯ ತನ್ನ ಭಾಷೆಯಲ್ಲಿ ಗುಡುಗಿ, ತಾನೂ ನೀರು ತರಿಸಿ ಕೈ ತೊಳೆದನೆಂದು ಕತೆ. ನಡೆದಿರಲಿ, ಬಿಡಲಿ, ದಖ್ಖನಿನ ಜನ ಅದನ್ನು ನಂಬಿದರು. ರಾಮರಾಯನ ದಂಡು ಅಹ್ಮದ್‌ನಗರದ ಸೀಮೆಯಲ್ಲಿ ಮಸೀದಿಗಳಿಗೆ ಅಪಚಾರ ಮಾಡಿತು ಎಂದೂ ಫೆರಿಷ್ತಾ ದೂರುತ್ತಾನೆ. ಆ ದಂಡಯಾತ್ರೆಯಲ್ಲಿ ಬಿಜಾಪುರದ ಸುಲ್ತಾನನೇ ರಾಮರಾಯನ ಜೊತೆಗಾರನಾಗಿದ್ದ ಎಂಬುದನ್ನು ಓದುಗ ನೆನಪಿಟ್ಟುಕೊಳ್ಳಬೇಕು.

ಆದವಾನಿಯ ಪತ್ರ ಬರೆದ ಮನುಷ್ಯ ಎಲ್ಲಿ ಹೋದ? ಅವನು ದಡ್ಡನಾಗಿರಲಿಲ್ಲ, ಮುದುಕನಾಗಿದ್ದ. ಒಂದೇ ಆಟವನ್ನು ಇಪ್ಪತ್ತು ವರ್ಷ ಆಡಿ ಪ್ರತಿ ಸಲ ಗೆದ್ದಿದ್ದ. ಐವರು ಎಂದೂ ಒಂದಾಗುವುದಿಲ್ಲ ಎಂಬುದು ಮೊದಲು ಅವನ ಊಹೆ, ಆಮೇಲೆ ಅನುಭವ, ಕೊನೆಗೆ ನಂಬಿಕೆ.

ಅವರು ಒಂದಾದದ್ದು ಮದುವೆಯ ಚಪ್ಪರದಲ್ಲಿ. ಹುಸೇನ ತನ್ನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟ. ಬಳುವಳಿಯಾಗಿ, ಇಬ್ಬರೂ ತಲೆಮಾರುಗಳಿಂದ ಕಿತ್ತಾಡಿದ್ದ ಸೊಲ್ಲಾಪುರ ಕೋಟೆ. ಅಲಿಯ ತಂಗಿ ಹುಸೇನನ ಮಗನಿಗೆ. ಏಳು ವರ್ಷ ವಿಜಯನಗರದ ಉಪ್ಪು ಉಂಡಿದ್ದ ಇಬ್ರಾಹಿಮನೂ ಸೇರಿದ. ಬೀದರ್ ಸೇರಿತು. 1564ರ ಡಿಸೆಂಬರ್ ಕೊನೆಗೆ ತಾಳಿಕೋಟೆಯ ಬಯಲಿನಲ್ಲಿ ಡೇರೆಗಳು ಎದ್ದವು.

ಸುದ್ದಿ ಬಂದಾಗ ರಾಜಧಾನಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ರಾಮರಾಯ ತಿರುಮಲನನ್ನು ಕೃಷ್ಣಾ ನದಿಯ ಹಾಯಗಡಗಳನ್ನು ಕಾಯಲು ಕಳಿಸಿದ, ಹಿಂದೆಯೇ ವೆಂಕಟಾದ್ರಿಯನ್ನು, ಕೊನೆಗೆ ತಾನೂ ಹೊರಟ. ಆಳವಿಲ್ಲದ ಕಡೆಯಲ್ಲೆಲ್ಲ ಆಚೆ ದಡದಲ್ಲಿ ತೋಪು, ಮಣ್ಣಿನ ದಿಬ್ಬ, ಜನ. ದಾಟುವ ಹಾಗಿಲ್ಲ. ಸುಲ್ತಾನರು ಹಳೆಯ ಉಪಾಯವೊಂದನ್ನು ಹೂಡಿದರು: ಹೊಳೆಯ ಗುಂಟ ನಡೆಯತೊಡಗಿದರು. ಒಂದು ದಿನ, ಎರಡು ದಿನ, ಮೂರು ದಿನ. ಇವರು ಬೇರೆ ಹಾಯಗಡ ಹುಡುಕುತ್ತಿದ್ದಾರೆಂದು ವಿಜಯನಗರದ ದಂಡೂ ಆಚೆ ದಡದಲ್ಲಿ ಜೊತೆಜೊತೆಗೇ ನಡೆಯಿತು. ಮೂರನೆಯ ರಾತ್ರಿ ಸುಲ್ತಾನರು ತಟ್ಟನೆ ಹಿಂದಕ್ಕೆ ತಿರುಗಿ, ಮೂರು ದಿನದ ದಾರಿಯನ್ನು ಓಡಿಯೇ ಕಳೆದು, ಮೊದಲಿನ ಜಾಗಕ್ಕೆ ಬಂದರು. ದಡ ಖಾಲಿ ಬಿದ್ದಿತ್ತು. ದಾಟಿದರು.

ಆದವಾನಿಯಲ್ಲಿ ಅಸದ್ ಖಾನ್ ಮಾಡಿದ್ದೂ ಇದನ್ನೇ. ಹಿಂದೆ ಸರಿದ ಹಾಗೆ ಮಾಡಿ ಕತ್ತಲಲ್ಲಿ ತಿರುಗಿ ಬರುವುದು. ಆ ಪಾಠಕ್ಕೆ ಹೆಂಡತಿ ಮಕ್ಕಳನ್ನೇ ಒತ್ತೆ ಇಟ್ಟಿದ್ದ ವೆಂಕಟಾದ್ರಿ ಈ ದಂಡಿನಲ್ಲೇ ಇದ್ದ.

1565ರ ಜನವರಿ 23. ನಮ್ಮವರು ರಕ್ಕಸಗಿ-ತಂಗಡಗಿ ಎಂದು ಎರಡು ಹಳ್ಳಿಗಳ ಹೆಸರಿಟ್ಟು ಕರೆಯುವ ಕಾಳಗ. ರಾಮರಾಯನಿಗೆ ಎಂಬತ್ತರ ಆಸುಪಾಸು. ಕುದುರೆ ಹತ್ತಿ, ಹೆಚ್ಚುಕಡಿಮೆಯಾದರೆ ದಾರಿಯಾದರೂ ಇರುತ್ತದೆ ಎಂದು ಆಪ್ತರು ಬೇಡಿಕೊಂಡರು. ಇದು ಹುಡುಗರ ಆಟ, ನೋಡುತ್ತಿರಿ, ಓಡುತ್ತಾರೆ ಎಂದು ಪಲ್ಲಕ್ಕಿಯಲ್ಲೇ ಕೂತ. ಮಧ್ಯದಲ್ಲಿ ಅವನು, ಎದುರಿಗೆ ಹುಸೇನ್ ನಿಜಾಮ್ ಶಾಹ, ಕೈ ತೊಳೆದುಕೊಂಡವನು. ಹುಸೇನನ ಮುಂದೆ ಆರುನೂರು ತೋಪುಗಳು ಮೂರು ಸಾಲಾಗಿ, ಒಂದಕ್ಕೊಂದು ಸರಪಳಿ ಬಿಗಿದು. ಅವುಗಳ ಯಜಮಾನ ಚಲಬಿ ರೂಮಿ ಖಾನ್.

ಮೊದಲ ಹೊತ್ತು ವಿಜಯನಗರದ್ದೇ. ಎಡಬಲದ ಸುಲ್ತಾನರ ಪಡೆಗಳು ಹಿಂದೆ ಸರಿದವು. ರಾಮರಾಯ ಪಲ್ಲಕ್ಕಿಯಿಂದ ಇಳಿದು ಚಪ್ಪರದ ಕೆಳಗೆ ಪೀಠದ ಮೇಲೆ ಕೂತ. ಸುತ್ತ ಹೊನ್ನು, ರತ್ನಗಳ ರಾಶಿ ಹಾಕಿಸಿದ. ತಲೆ ತಂದವರಿಗೆ ಅಲ್ಲೇ ಇನಾಮು. ಸವಾರರು ಹುರುಪಿನಿಂದ ತೋಪುಗಳ ಮೇಲೆಯೇ ನುಗ್ಗಿದರು.

ರೂಮಿ ಖಾನ್ ಕಾಯುತ್ತಿದ್ದ. ಗುಂಡಿನ ಬದಲು ತಾಮ್ರದ ಕಾಸಿನ ಚೀಲಗಳನ್ನು ತೋಪಿನ ಬಾಯಿಗೆ ತುಂಬಿಸಿದ್ದ. ಹತ್ತಿರ ಬರಲಿ, ಇನ್ನೂ ಹತ್ತಿರ. ಆಮೇಲೆ ಬತ್ತಿ ಇಡಿಸಿದ. ಒಂದು ಕಡೆ ಇನಾಮಿಗೆ ಇಟ್ಟ ಹೊನ್ನಿನ ರಾಶಿ, ಇನ್ನೊಂದು ಕಡೆ ಎದೆ ಸೀಳುವ ತಾಮ್ರದ ಕಾಸು. ಹೊಗೆ ಇಳಿದಾಗ ತೋಪುಗಳ ಮುಂದೆ ಐದು ಸಾವಿರ ಹೆಣ ಬಿದ್ದಿದ್ದವು ಎಂದು ಫೆರಿಷ್ತಾ ಲೆಕ್ಕ ಕೊಡುತ್ತಾನೆ. ಅದೇ ಹೊತ್ತಿಗೆ ವಿಜಯನಗರದ ಚಾಕರಿಯಲ್ಲಿದ್ದ ಇಬ್ಬರು ಮುಸಲ್ಮಾನ ಸರದಾರರು ತಮ್ಮ ದೊಡ್ಡ ಪಡೆಗಳೊಂದಿಗೆ ತಿರುಗಿಬಿದ್ದರು ಎಂಬುದು ಫ್ರೆಡರಿಕ್‌ನ ಮಾತು. ದಂಡಿನೊಳಗೆ ಯಾರು ತನ್ನವರಲ್ಲ ಎಂದು ಒಂದು ಕಾಲಕ್ಕೆ ವಾಸನೆ ಹಿಡಿದೇ ಹೇಳುತ್ತಿದ್ದ ಮೂಗು ಈಗ ಕಟ್ಟಿಹೋಗಿತ್ತು.

ಮುದುಕ ಮತ್ತೆ ಪಲ್ಲಕ್ಕಿ ಹತ್ತಿದ. ನಿಜಾಮ್ ಶಾಹನ ಕಡೆಯ ಆನೆಯೊಂದು ಕೆರಳಿ ಅತ್ತಲೇ ನುಗ್ಗಿತು. ಬೋಯಿಗಳು ಪಲ್ಲಕ್ಕಿ ಕೆಳಗೆ ಹಾಕಿ ಓಡಿದರು. ಇಪ್ಪತ್ತು ವರ್ಷ ಕೃಷ್ಣೆಯಿಂದ ಕನ್ಯಾಕುಮಾರಿಯ ತನಕ ಹುಕುಂ ನಡೆಸಿದವನು ದೂಳಿನಲ್ಲಿ, ಒಬ್ಬನೇ. ಹಿಡಿದರು. ರೂಮಿ ಖಾನನಲ್ಲಿಗೆ, ಅಲ್ಲಿಂದ ಹುಸೇನನಲ್ಲಿಗೆ. ಹುಸೇನ ತಡ ಮಾಡಲಿಲ್ಲ. ತಡ ಮಾಡಿದರೆ ದತ್ತುಮಗ ಅಲಿ ಬಂದು ಬಿಡಿಸಿಯಾನು ಎಂಬ ಅಂಜಿಕೆ ಅವನಿಗಿತ್ತು ಎನ್ನುತ್ತಾರೆ. ತಲೆ ಈಟಿಯ ತುದಿಗೆ ಏರಿತು. ಅದನ್ನು ಕಂಡ ದಂಡು ಒಡೆದ ಕೆರೆಯ ಹಾಗೆ ಹರಿದುಹೋಯಿತು.

ಇಲ್ಲಿಂದ ಮುಂದಿನದು ತಿರುಮಲನ ಓಟ. ಒಂದು ಕಣ್ಣು ಹೋಗಿತ್ತು ಎನ್ನುತ್ತಾರೆ. ರಣರಂಗದಿಂದ ರಾಜಧಾನಿಗೆ ನೂರು ಕಿಲೋಮೀಟರಿನ ಆಸುಪಾಸು. ಹಂಪೆಯಲ್ಲಿ ಜನ ಗೆಲುವಿನ ಸುದ್ದಿಗೆ ಕಾಯುತ್ತಿದ್ದರು. ಊರು ಬಿಡಲು ಗಾಡಿಯಿಲ್ಲ, ಎತ್ತುಗಳೆಲ್ಲ ದಂಡಿನ ಜೊತೆ ಹೋಗಿದ್ದವು. ಅರಮನೆಯ ಬಾಗಿಲಲ್ಲಿ ಮಾತ್ರ ಆನೆಗಳು ಸಾಲುಗಟ್ಟಿದವು. ಐನೂರೈವತ್ತು ಆನೆಗಳ ಮೇಲೆ ಬೊಕ್ಕಸ ಹೇರಿಕೊಂಡು, ಸದಾಶಿವನನ್ನೂ ಕರೆದುಕೊಂಡು ಪೆನುಕೊಂಡೆಗೆ ಹೊರಟರು ಎಂದು ಇತಿಹಾಸಕಾರ ಸೆವೆಲ್ ತನ್ನ 1900ರ ಪುಸ್ತಕದಲ್ಲಿ ಬರೆದ. ಅಂದಿನಿಂದ ಎಲ್ಲರೂ ಅದನ್ನೇ ಹೇಳುತ್ತಾರೆ.

ನಾನೊಮ್ಮೆ ಕೂತು ಲೆಕ್ಕ ಹಾಕಿದೆ. ಒಂದರ ಹಿಂದೊಂದು ಆನೆ, ನಡುವಿನ ಜಾಗವೂ ಸೇರಿ ಹತ್ತು ಮೀಟರು ಹಿಡಿದರೆ, ಮೆರವಣಿಗೆಯ ಉದ್ದ ಐದೂವರೆ ಕಿಲೋಮೀಟರು. ಆನೆಯೊಂದಕ್ಕೆ ದಿನಕ್ಕೆ ನೂರೈವತ್ತು ಕಿಲೋ ಮೇವು ಎಂದರೆ ಒಟ್ಟು ಎಂಬತ್ತು ಟನ್ನು ಮಿಕ್ಕಿತು. ಜನವರಿಯ ಒಣ ಸೀಮೆ. ಪೆನುಕೊಂಡೆಗೆ ಇನ್ನೂರು ಕಿಲೋಮೀಟರು ಹತ್ತಿರ, ಹೊರೆ ಹೊತ್ತ ಆನೆಗೆ ವಾರಕ್ಕೆ ಕಡಿಮೆಯಿಲ್ಲ. ಹಿಂದಿನಿಂದ ಯಾವಾಗ ಗೊರಸಿನ ಸದ್ದು ಕೇಳುವುದೋ. ಒಂದು ಆನೆ ಕುಂಟಿದರೆ ಅದರ ಹೊರೆ ಏನಾಯಿತು? ಯಾರು ಇಳಿಸಿದರು, ಎಲ್ಲಿ ಹೂತರು? ಐನೂರೈವತ್ತು ಎಂಬ ಸಂಖ್ಯೆ ಉಬ್ಬಿದ್ದಿರಬಹುದು, ಆದರೆ ಆ ಓಟದ ಉಸಿರು ಸುಳ್ಳಲ್ಲ.

ಹಿಂದೆ ಉಳಿದ ಊರಿಗೆ ಮೊದಲು ಬಂದವರು ಸುತ್ತಲಿನ ಕಾಡುಮೇಡಿನ ಜನ. ಒಂದೇ ದಿನ ಆರು ಬಾರಿ ನುಗ್ಗಿ ಅಂಗಡಿ, ಮನೆ ದೋಚಿದರಂತೆ. ಮೂರನೆಯ ದಿನ ಗೆದ್ದವರ ದಂಡು ಬಂತು. ಐದಾರು ತಿಂಗಳು ಸುತ್ತಿಗೆ, ಹಾರೆ, ಬೆಂಕಿ.

ತಿರುಮಲ ಬದುಕಿದ. ಎರಡು ವರ್ಷದ ಮೇಲೆ ಹಂಪೆಗೆ ಮರಳಿ ಬಂದು ಊರು ಕಟ್ಟಲೂ ನೋಡಿದ. ಕುದುರೆ ಬೇಕಿತ್ತು. ಯುದ್ಧದಲ್ಲಿ ಕಳೆದ ನಮ್ಮ ಮುದ್ರೆಯ ಕುದುರೆಗಳನ್ನು ತಂದರೂ ದುಡ್ಡು ಕೊಡುತ್ತೇನೆ ಎಂದು ಗೋವೆಯ ವ್ಯಾಪಾರಿಗಳಿಗೆ ಹೇಳಿ ಕಳಿಸಿದ. ತಂದರು. ಕುದುರೆ ಹಿಡಿದುಕೊಂಡು ಒಂದು ಕಾಸೂ ಕೊಡದೆ ಅಟ್ಟಿದ. 1567ರಲ್ಲಿ ಅಲ್ಲಿದ್ದ ಫ್ರೆಡರಿಕ್ ಇದನ್ನು ಬರೆದಿಟ್ಟಿದ್ದಾನೆ. ಒಂದು ತಿಂಗಳ ಕೆಲಸಕ್ಕೆ ಬಂದವನು ದಾರಿಯಲ್ಲಿ ಕಳ್ಳರ ಕಾಟದಿಂದ ಏಳು ತಿಂಗಳು ಅಲ್ಲೇ ಸಿಕ್ಕಿಕೊಂಡಿದ್ದ. ಮನೆಗಳು ನಿಂತಿವೆ, ಒಳಗೆ ಹುಲಿ ವಾಸ ಎಂಬ ಅರ್ಥದ ಮಾತು ಅವನದು. ಕುದುರೆ ತಂದವರಿಗೆ ಮೋಸ ಮಾಡಿದ ರಾಜನಿಗೆ ಮತ್ತೆ ಯಾರು ಕುದುರೆ ತರುತ್ತಾರೆ? ತಿರುಮಲ ಪೆನುಕೊಂಡೆಗೇ ಹೋದ.

ಇತ್ತ ಆದವಾನಿ. ವಿಜಯನಗರದ ಅರಸರೆಲ್ಲ ಆ ಕೋಟೆಯನ್ನು ಒಂದೇ ಯೋಚನೆಯಿಂದ ಬಲಪಡಿಸಿದ್ದರು: ಎಂದಾದರೂ ಎಲ್ಲ ಮುಳುಗಿದ ದಿನ, ಹೆಂಡತಿ ಮಕ್ಕಳನ್ನು ಇಟ್ಟು ಕಾಪಾಡಲು ಒಂದು ಜಾಗ ಬೇಕು. ಗುಡ್ಡದ ನೆತ್ತಿಯ ಮೇಲೆ ಅರಮನೆಗಳು, ಬತ್ತದ ಕೊಳಗಳು, ಒಂದರೊಳಗೊಂದು ಹನ್ನೊಂದು ಸುತ್ತಿನ ಗೋಡೆ. ಫೆರಿಷ್ತಾನೂ ಬಾಯಿ ಬಿಟ್ಟು ಹೊಗಳುತ್ತಾನೆ. ಆ ದಿನ ಬಂದಾಗ ಓಡಿದವರು ಆನೆಗಳನ್ನು ಪೆನುಕೊಂಡೆಯ ಕಡೆಗೆ ತಿರುಗಿಸಿದರು.

ಆದವಾನಿಯಲ್ಲಿ ರಾಮರಾಯನ ಸರದಾರನೊಬ್ಬ ಅಧಿಕಾರಿಯಾಗಿದ್ದ. ಯಜಮಾನನ ತಲೆ ಈಟಿಗೇರಿದ ಸುದ್ದಿ ಕೇಳಿ ಅವನು ಕೋಟೆಯ ಬಾಗಿಲು ಹಾಕಿಕೊಂಡ, ನಾನು ಯಾರ ಆಳೂ ಅಲ್ಲ ಎಂದ, ತನ್ನ ಹೆಸರಿನಲ್ಲಿ ನಾಣ್ಯ ಹೊಡೆಸಿದ. ಆ ನಾಣ್ಯದ ಮೇಲಿದ್ದ ಹೆಸರನ್ನು ಫೆರಿಷ್ತಾ ಬರೆಯಲೂ ಇಲ್ಲ. 1568ರಲ್ಲಿ ಅಲಿ ಆದಿಲ್ ಶಾಹನ ಸೇನಾಪತಿ ಅಂಕುಶ್ ಖಾನ್ ಎಂಟು ಸಾವಿರ ಸವಾರರು, ಕಾಲಾಳು, ತೋಪುಗಳೊಂದಿಗೆ ಬಂದ. ಹನ್ನೊಂದು ಗೋಡೆಯೊಳಗೆ ಕೂರಬೇಕಿದ್ದವನು ಬಯಲಿಗಿಳಿದ. ಸೋತ. ಮತ್ತೆ ಇಳಿದ, ಮತ್ತೆ ಸೋತ. ಆಮೇಲೆ ಬಾಗಿಲು ಹಾಕಿಕೊಂಡ. ಅಂಕುಶ್ ಖಾನನಿಗೆ ಗೋಡೆಗಳನ್ನು ಒಡೆಯುವ ಅವಸರವೇ ಇರಲಿಲ್ಲ. ಕೆಳಗೆ ಕೂತು ಕಾದ. ಮೇಲೆ ಕೊಳದಲ್ಲಿ ನೀರಿತ್ತು, ಕಣಜದಲ್ಲಿ ಕಾಳು ಮುಗಿಯುತ್ತ ಬಂತು. ನಾಣ್ಯ ಬೇಕಾದಷ್ಟಿತ್ತು, ಅದಕ್ಕೆ ಜೋಳ ಮಾರುವವರು ಯಾರೂ ಗುಡ್ಡ ಹತ್ತಿ ಬರಲಿಲ್ಲ. ಎಷ್ಟೋ ದಿನದ ಮೇಲೆ ಹನ್ನೊಂದು ಬಾಗಿಲೂ ಒಳಗಿನಿಂದಲೇ ತೆರೆದವು.

ಆಮೇಲೆ ಆ ಗುಡ್ಡ ಕೈಯಿಂದ ಕೈಗೆ ಹೋಯಿತು. ಬಿಜಾಪುರ ಮುಳುಗಿದ ಮೇಲೆ ಸಿದ್ದಿ ಮಸೂದನಿಂದ ಔರಂಗಜೇಬನ ದಂಡು ಕಿತ್ತುಕೊಂಡು ಇಮ್ತಿಯಾಜ್‌ಗಢ ಎಂದು ಹೆಸರಿಟ್ಟಿತು. ಆ ಹೆಸರು ಊರಿನವರ ನಾಲಗೆಗೆ ಹತ್ತಲೇ ಇಲ್ಲ. 1786ರಲ್ಲಿ ನಿಜಾಮನ ಕಡೆಯವರನ್ನು ಮುತ್ತಿ ಹಿಡಿದ ಟಿಪ್ಪು, ಮತ್ತೆ ಯಾರಿಗೂ ದಕ್ಕಬಾರದೆಂದು ಗೋಡೆಗಳನ್ನು ಕೆಡವಿಸಿದ. ಬೀಸುವ ಕಲ್ಲಿಗೆ ಮುತ್ತು ಹಾಕಿದ ಸಲಕರಾಜನ ನೆನಪಾಗುತ್ತದೆ. ಈಗ ಆದವಾನಿಯ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ತಲೆ ಎತ್ತಿದರೆ ಬೋಳು ಬಂಡೆ ಗುಡ್ಡ, ಕೆಳಗೆ ಹತ್ತಿಯ ಮಂಡಿ, ಉಗ್ಗಾಣಿ-ಬಜ್ಜಿಯ ಹೋಟೆಲು, ಒಂದೇ ಮಾತಿನಲ್ಲಿ ಮೊದಲರ್ಧ ಕನ್ನಡ ಉಳಿದರ್ಧ ತೆಲುಗು ಆಡುವ ಹಮಾಲರು. 1953ರ ತನಕ ಅದು ಬಳ್ಳಾರಿ ಜಿಲ್ಲೆಯ ತಾಲ್ಲೂಕು.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಪತ್ತಿಕೊಂಡದ ಕಡೆ ಹೋಗಬೇಕು. ಜೊನ್ನಗಿರಿ, ತುಗ್ಗಲಿ, ಪಗಿಡಿರಾಯಿ ಸುತ್ತಿನ ಹೊಲಗಳಲ್ಲಿ ಬಿತ್ತನೆಗೆ ಮೊದಲು ಇನ್ನೊಂದು ಕೆಲಸ ನಡೆಯುತ್ತದೆ. ನೂರಾರು ಜನ ಸೊಂಟ ಬಗ್ಗಿಸಿ, ಕಣ್ಣು ನೆಲಕ್ಕೆ ನೆಟ್ಟು, ತೊಳೆದ ಮಣ್ಣಿನಲ್ಲಿ ವಜ್ರ ಹುಡುಕುತ್ತಾರೆ. ಬಳ್ಳಾರಿಯಿಂದಲೂ ಬರುತ್ತಾರೆ, ಬುತ್ತಿ ಕಟ್ಟಿಕೊಂಡು, ಮರದ ಕೆಳಗೆ ಮಲಗುತ್ತ ವಾರಗಟ್ಟಲೆ. ಒಂದೊಂದು ವರ್ಷ ಒಬ್ಬಿಬ್ಬರಿಗೆ ಸಿಕ್ಕೂ ಸಿಗುತ್ತದೆ. ಭೂಮಿಯೊಳಗಿನದು ಮಳೆಗೆ ಮೇಲೆ ಬರುತ್ತದೆ ಎನ್ನುವುದು ಭೂವಿಜ್ಞಾನದವರು. ಊಹೂಂ, ರಾಯರ ಬೊಕ್ಕಸ ಇಲ್ಲೇ ಚೆಲ್ಲಿದ್ದು ಎನ್ನುವುದು ಊರಿನವರು.

ನಾನು ಹೋದ ದಿನ ಹೊಲದ ಬದುವಿನಲ್ಲಿ ಒಬ್ಬ ಮುದುಕ ಕೂತಿದ್ದ. ಟವೆಲ್ಲಿನ ತುದಿಯಲ್ಲಿ ಏನೋ ಗಂಟು.

“ಏನಪ್ಪಾ, ನೀನೂ ವಜ್ರ ಹುಡುಕಾಕ ಬಂದಿಯೇನು?” ಎಂದ.

“ಇಲ್ಲಜ್ಜಾ, ನೋಡಾಕ ಬಂದೀನಿ. ಏನಾದ್ರೂ ಸಿಕ್ತಾ?”

ಗಂಟು ಬಿಚ್ಚಿ ತೋರಿಸಿದ. ನಾಲ್ಕಾರು ಬಿಳಿ ಹರಳು ಕಲ್ಲು, ಒಂದು ಗಾಜಿನ ಚೂರು, ಮತ್ತೆ ಸವೆದು ನುಣುಪಾದ ಒಂದು ತಾಮ್ರದ ಬಿಲ್ಲೆ. ಯಾವ ಕಾಲದ್ದು, ಯಾರದ್ದು, ಅಕ್ಷರ ಉಳಿದಿರಲಿಲ್ಲ.

“ಇದು ಕಾಸು ಇರಬೇಕಜ್ಜಾ.”

“ಇರಬೇಕು,” ಎಂದು ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹೊಲದೊಳಕ್ಕೆ ಬೀಸಿ ಒಗೆದ. “ಇದಕ್ಕ ಯಾರು ರೊಕ್ಕ ಕೊಡ್ತಾರ?” ಹರಳುಗಳನ್ನು ಮತ್ತೆ ಗಂಟು ಕಟ್ಟಿಕೊಂಡು, ಮೋಡ ನೋಡಿ, ಎದ್ದು ಸಾಲಿಗೆ ಇಳಿದ.